ಉರಿಮೂತ್ರದ ಸಿರಪ್ಪು ಯಾರ ಪರ?

ಏಪ್ರಿಲ್–ಮೇ ತಿಂಗಳಲ್ಲಿ ರಾಯಚೂರಿನ ಯಾವುದೇ ಮೆಡಿಕಲ್ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತರೆ ಈ ಮಾತು ಕಿವಿಗೆ ಬೀಳುತ್ತದೆ: 'ಒಂದಕ್ಕ ಹೋದ್ರ ಉರಿತೈತ್ರಿ, ಏನರ ಕೊಡ್ರಿ.' ಕೊಡುವುದು ಸಾಮಾನ್ಯವಾಗಿ ಎರಡು. ಕೆಂಪು ಗೆರೆಯ ಸ್ಟ್ರಿಪ್ಪಿನಿಂದ ಕತ್ತರಿಸಿದ ಆರೇಳು ಗುಳಿಗೆ, ಜೊತೆಗೆ 100 ಮಿ.ಲೀ.ನ ಬಣ್ಣದ ಸಿರಪ್ಪು. ಗುಳಿಗೆ ಅಂಗಡಿಯಿಂದ ಅಂಗಡಿಗೆ ಬೇರೆ: ಒಬ್ಬರು ಸಿಪ್ರೊಫ್ಲಾಕ್ಸಾಸಿನ್ ಕೊಟ್ಟರೆ ಇನ್ನೊಬ್ಬರು ನಾರ್‌ಫ್ಲಾಕ್ಸಾಸಿನ್, ಮತ್ತೊಬ್ಬರು ನೈಟ್ರೋಫ್ಯುರಾಂಟೊಯಿನ್. ಸಿರಪ್ಪು ಮಾತ್ರ ಎಲ್ಲದರ ಜೊತೆಗೂ ಅದೇ, ಮೂತ್ರದ ಹುಳಿ ಇಳಿಸುವ ಸಿಟ್ರೇಟ್.

ಕೆಂಪು ಗೆರೆಯ ಗುಳಿಗೆಯನ್ನು ವೈದ್ಯರ ಚೀಟಿ ಇಲ್ಲದೆ ಕೊಡಬಾರದು ಎಂಬ ಮಾತು ಎಲ್ಲರಿಗೂ ಗೊತ್ತು. ಸಿರಪ್ಪಿನ ಬಗ್ಗೆ ಯಾರೂ ಏನೂ ಹೇಳುವುದಿಲ್ಲ, ಅದು ನೀರಿನಷ್ಟು ನಿರಪಾಯ ಎಂಬ ಭಾವನೆ. ಆದರೆ ಅದು ಮೂತ್ರದ ಪಿಎಚ್, ಅಂದರೆ ಹುಳಿ–ಕ್ಷಾರದ ಅಳತೆ, ಬದಲಿಸುತ್ತದೆ; ಈ ಅಂಕಿ ಇಳಿದಷ್ಟೂ ಹುಳಿ ಹೆಚ್ಚು, ಏರಿದಷ್ಟೂ ಕ್ಷಾರ ಹೆಚ್ಚು. ಆ ಪಿಎಚ್ ಮೇಲೆ ನಿಂತಿರುವುದು ಗುಳಿಗೆಯ ಔಷಧ ಬ್ಯಾಕ್ಟೀರಿಯಾದ ಒಳಗೆ ಹೋಗುತ್ತದೋ ಇಲ್ಲವೋ ಎಂಬ ಪ್ರಶ್ನೆ. ಕೆಲವು ಔಷಧಗಳಿಗೆ ಸಿರಪ್ಪು ನೆರವಾಗುತ್ತದೆ, ಕೆಲವಕ್ಕೆ ಅಡ್ಡ ಬರುತ್ತದೆ. ಯಾವುದಕ್ಕೆ ಯಾವುದು ಎಂದು ತಿಳಿಯಬೇಕಾದರೆ ಬ್ಯಾಕ್ಟೀರಿಯಾದ ಪೊರೆಯ ತನಕ ಇಳಿಯಬೇಕು.

ಪೊರೆಯಲ್ಲಿರುವ ಅಣೆಕಟ್ಟು

ನಮ್ಮ ಜೀವಕೋಶಗಳಲ್ಲಿ ಉಸಿರಾಟದ ಕೆಲಸಕ್ಕೆ ಮೈಟೋಕಾಂಡ್ರಿಯಾ ಎಂಬ ಪ್ರತ್ಯೇಕ ಅಂಗವಿದೆ. ಬ್ಯಾಕ್ಟೀರಿಯಾಕ್ಕೆ ಅದಿಲ್ಲ, ತನ್ನ ಪೊರೆಯಲ್ಲೇ ಆ ಕೆಲಸ ಮುಗಿಸಿಕೊಳ್ಳುತ್ತದೆ. ಆಹಾರದಿಂದ ಬಂದ ಎಲೆಕ್ಟ್ರಾನುಗಳು ಪೊರೆಯ ಪ್ರೋಟೀನುಗಳ ಸಾಲಿನಲ್ಲಿ ಕೈಯಿಂದ ಕೈಗೆ ದಾಟುತ್ತ ಆಕ್ಸಿಜನ್ ತಲುಪುವಾಗ, ಅದೇ ಸಾಲು ಪ್ರೋಟಾನುಗಳನ್ನು ಹೊರಗೆ ನೂಕುತ್ತದೆ. ಇದರಿಂದ ಎರಡು ಅಂತರ ಹುಟ್ಟುತ್ತವೆ. ಹೊರಗೆ ಪ್ರೋಟಾನು ಹೆಚ್ಚಾಗಿ ಹುಳಿ ಹೆಚ್ಚು, ಒಳಗೆ ಕಡಿಮೆ; ಇದು ಪಿಎಚ್ ಅಂತರ. ಪ್ರೋಟಾನು ಧನ ವಿದ್ಯುದಾವೇಶದ ಕಣವಾದ್ದರಿಂದ ಅದು ಹೊರಗೆ ಹೋದಷ್ಟೂ ಒಳಭಾಗ ಋಣವಾಗುತ್ತದೆ, ಇದು ವೋಲ್ಟೇಜ್. ಎರಡೂ ಸೇರಿದರೆ ಪ್ರೋಟಾನ್ ಚಾಲಕ ಬಲ. ಪೀಟರ್ ಮಿಚೆಲ್ 1961ರಲ್ಲಿ ಈ ವಿಚಾರ ಮುಂದಿಟ್ಟಾಗ ಒಪ್ಪಿದವರು ಕಡಿಮೆ. 1978ರಲ್ಲಿ ಅದಕ್ಕೇ ರಸಾಯನಶಾಸ್ತ್ರದ ನೊಬೆಲ್ ಬಂತು.

ತುಂಗಭದ್ರೆಯ ದಂಡೆಯವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಮುನಿರಾಬಾದಿನಲ್ಲಿ ಜಲಾಶಯದ ನೀರು ಇಳಿಯುವಾಗ ಟರ್ಬೈನು ತಿರುಗುವಂತೆ, ಹೊರಗೆ ಕಟ್ಟಿಕೊಂಡ ಪ್ರೋಟಾನು ಒಳಗೆ ನುಗ್ಗುವಾಗ ಎಟಿಪಿ ಸಿಂಥೇಸ್ ಎಂಬ ಪ್ರೋಟೀನು ನಿಜಕ್ಕೂ ಗರಗರ ತಿರುಗಿ, ಕೋಶದ ಕೆಲಸಗಳಿಗೆ ಶಕ್ತಿ ಒದಗಿಸುವ ಎಟಿಪಿ ಅಣುವನ್ನು ತಯಾರಿಸುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋದಾಗ ಆ ಗೇಟಿನಿಂದ ಹರಿದ ನೀರು ಟರ್ಬೈನು ಮುಟ್ಟದೆ ನದಿ ಪಾಲಾಯಿತು. ಡೈನೈಟ್ರೋಫೀನಾಲ್‌ನಂಥ ರಾಸಾಯನಿಕಗಳು ಬ್ಯಾಕ್ಟೀರಿಯಾದ ಪೊರೆಗೆ ಮಾಡುವುದೂ ಅದನ್ನೇ. ಪ್ರೋಟಾನು ಸುಮ್ಮನೆ ಒಳಗೆ ಸೋರುತ್ತದೆ, ಯಾವ ಕೆಲಸವೂ ಆಗುವುದಿಲ್ಲ. ಹೋಲಿಕೆ ಒಂದು ಕಡೆ ಮಾತ್ರ ಕೈಕೊಡುತ್ತದೆ. ಜಲಾಶಯದ ಲೆಕ್ಕ ನೀರಿನ ಮಟ್ಟ ಒಂದರಿಂದಲೇ ಮುಗಿಯುತ್ತದೆ, ಪೊರೆಯದಕ್ಕೆ ವೋಲ್ಟೇಜು ಮತ್ತು ಪಿಎಚ್ ಎರಡೂ ಬೇಕು. ಮುಂದಿನ ಇಡೀ ಕಥೆ ಇವೆರಡರ ಹಂಚಿಕೆಯದು.

37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಪಿಎಚ್ ಅಂತರ ಸುಮಾರು 61 ಮಿಲಿವೋಲ್ಟಿಗೆ ಸಮ. ಉರಿಮೂತ್ರಕ್ಕೆ ಬಹುಪಾಲು ಕಾರಣವಾಗುವ ಇ. ಕೋಲಿ ಹೊರಗೆ ಏನೇ ಇರಲಿ, ಒಳಗಿನ ಪಿಎಚ್ಚನ್ನು 7.4ರಿಂದ 7.8ರೊಳಗೆ ಕಾಪಾಡಿಕೊಳ್ಳುತ್ತದೆ. 7.6 ಎಂದೇ ಹಿಡಿಯೋಣ. ಒಟ್ಟು ಬಲ 160 ಮಿಲಿವೋಲ್ಟ್ ಎಂದು ಲೆಕ್ಕಕ್ಕೆ ಇಟ್ಟುಕೊಂಡರೆ, ಹೊರಗಿನ ಪಿಎಚ್ ಕೂಡ 7.6 ಇದ್ದಾಗ ಪಿಎಚ್ ಅಂತರ ಸೊನ್ನೆ, ಅಷ್ಟೂ 160 ವೋಲ್ಟೇಜಿನ ಪಾಲು. ಹೊರಗೆ 7.0 ಆದರೆ 37 ಪಿಎಚ್ ಪಾಲಿಗೆ, 123 ವೋಲ್ಟೇಜಿಗೆ. ಹೊರಗೆ 6.0ಕ್ಕೆ ಇಳಿದರೆ 98 ಪಿಎಚ್ ಪಾಲಿಗೆ ಹೋಗಿ ವೋಲ್ಟೇಜಿಗೆ ಉಳಿಯುವುದು 62. ನಿಜದಲ್ಲಿ ಹುಳಿ ಹೆಚ್ಚಿದಾಗ ಒಟ್ಟು ಬಲವೂ ತುಸು ಏರುವುದರಿಂದ ಇಳಿತ ಇಷ್ಟು ಕಡಿದಾಗಿರುವುದಿಲ್ಲ, ಆದರೆ ದಿಕ್ಕು ಇದೇ. ಹೊರಗಿನ ಹುಳಿ ಏರಿದಷ್ಟೂ ಪೊರೆಯ ವೋಲ್ಟೇಜು ಇಳಿಯುತ್ತದೆ.

150 ಮಿಲಿವೋಲ್ಟ್ ಎಂದರೆ ಗೋಡೆ ಗಡಿಯಾರದ ಶೆಲ್ಲಿನ ಹತ್ತನೇ ಒಂದು ಪಾಲು, ನಿಜ. ಆದರೆ ಪೊರೆಯ ದಪ್ಪ 4 ನ್ಯಾನೋಮೀಟರ್ ಅಷ್ಟೇ. ಅದೇ ಅನುಪಾತವನ್ನು ಒಂದು ಮಿಲಿಮೀಟರಿಗೆ ಹಿಗ್ಗಿಸಿದರೆ 37,500 ವೋಲ್ಟ್ ಆಗುತ್ತದೆ. ಊರ ಹೊರಗಿನ 33 ಕೆ.ವಿ. ಲೈನಿನ ಒತ್ತಡ ಒಂದು ಮಿಲಿಮೀಟರಿನಲ್ಲಿ ಕೂತಂತೆ. ವಿದ್ಯುದಾವೇಶ ಹೊತ್ತ ಅಣುವೊಂದು ಅದರ ಹತ್ತಿರ ಬಂದರೆ ಸುಮ್ಮನಿರಲು ಸಾಧ್ಯವಿಲ್ಲ.

ಜೆಂಟಾಮೈಸಿನ್‌ಗೆ ವೋಲ್ಟೇಜು ಬೇಕು

ಜೆಂಟಾಮೈಸಿನ್, ಅಮಿಕಾಸಿನ್, ಸ್ಟ್ರೆಪ್ಟೊಮೈಸಿನ್ ಒಂದೇ ಕುಲದವು, ಅಮಿನೊಗ್ಲೈಕೊಸೈಡುಗಳು. ಜೆಂಟಾಮೈಸಿನ್ ಅಣುವಿನಲ್ಲಿ ಐದು ಅಮೈನೋ ಗುಂಪುಗಳಿವೆ; ದೇಹದ ಪಿಎಚ್‌ನಲ್ಲಿ ಅವುಗಳಲ್ಲಿ ಬಹುಪಾಲು ಧನ ಆವೇಶ ಹೊತ್ತಿರುತ್ತವೆ. ಇಷ್ಟು ಆವೇಶ ಹೊತ್ತ ಅಣು ಕೊಬ್ಬಿನ ಪೊರೆ ದಾಟುವುದು ಕಷ್ಟ. ನಮ್ಮ ಕರುಳಿನ ಗೋಡೆಯನ್ನೂ ಅದು ದಾಟಲಾರದು, ಅದಕ್ಕೇ ಮೈಯೊಳಗಿನ ಸೋಂಕಿಗೆ ಇವನ್ನು ಗುಳಿಗೆಯಾಗಿ ಕೊಡುವುದಿಲ್ಲ, ಸೂಜಿಯೇ ಗತಿ.

ಬ್ಯಾಕ್ಟೀರಿಯಾದ ಒಳಗೆ ಇದು ಸೇರುವುದು ಹಂತ ಹಂತವಾಗಿ. ಮೊದಲು ಹೊರಪೊರೆಯ ಮೇಲಿನ ಮೆಗ್ನೀಸಿಯಂ, ಕ್ಯಾಲ್ಸಿಯಂ ಕಣಗಳನ್ನು ಪಕ್ಕಕ್ಕೆ ತಳ್ಳಿ ತಾನು ಕೂರುತ್ತದೆ. ಇದಕ್ಕೆ ಶಕ್ತಿ ಬೇಡ, ಆದರೆ ಆ ಲವಣಗಳು ಸುತ್ತ ಹೆಚ್ಚಿದ್ದರೆ ಜಾಗ ಸಿಗುವುದಿಲ್ಲ. ಬಳಿಕ ಒಳಪೊರೆಯ ಋಣ ವೋಲ್ಟೇಜು ಅದನ್ನು ಮೆಲ್ಲಗೆ ಒಳಗೆಳೆಯುತ್ತದೆ. ಒಳಗೆ ಹೋದ ಮೊದಲ ಕೆಲವು ಅಣುಗಳು ಕೋಶದ ಪ್ರೋಟೀನು ಕಾರ್ಖಾನೆಯಾದ ರೈಬೋಸೋಮಿಗೆ ಅಂಟಿಕೊಂಡು ಪ್ರೋಟೀನು ತಯಾರಿಕೆಯಲ್ಲಿ ತಪ್ಪು ಮಾಡಿಸುತ್ತವೆ. ಆ ತಪ್ಪು ಪ್ರೋಟೀನುಗಳು ಪೊರೆಯಲ್ಲೇ ಸೇರಿ ಅದನ್ನು ಸೋರುವಂತೆ ಮಾಡುತ್ತವೆ, ಆಮೇಲೆ ಔಷಧ ದಳದಳ ನುಗ್ಗುತ್ತದೆ. ಮಧ್ಯದ ಹಂತ ಕೈಕೊಟ್ಟರೆ ಮೂರನೆಯದು ಶುರುವೇ ಆಗುವುದಿಲ್ಲ. ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾದ ಮೇಲೆ ನಡೆದ ಪ್ರಯೋಗಗಳಲ್ಲಿ ಪೊರೆಯ ವೋಲ್ಟೇಜು 75ರಿಂದ 90 ಮಿಲಿವೋಲ್ಟಿನ ಗೆರೆ ದಾಟದಿದ್ದರೆ ಜೆಂಟಾಮೈಸಿನ್ ಒಳಗೆ ಹೋಗಲಿಲ್ಲ. ಮೇಲಿನ ಲೆಕ್ಕದಲ್ಲಿ ಪಿಎಚ್ 6ಕ್ಕೆ ಉಳಿದ 62ನ್ನು ಈ ಗೆರೆಯ ಪಕ್ಕದಲ್ಲಿಟ್ಟು ನೋಡಿ.

ವಿಚಿತ್ರ ಏನೆಂದರೆ, ಹುಳಿಯಲ್ಲಿ ಜೆಂಟಾಮೈಸಿನ್‌ನ ಸ್ವಂತ ಧನ ಆವೇಶ ಇನ್ನೂ ಹೆಚ್ಚುತ್ತದೆ. ಎಳೆಯಬೇಕಾದ ವೋಲ್ಟೇಜು ಕುಗ್ಗುತ್ತದೆ, ಹೊರೆ ಮಾತ್ರ ಬೆಳೆಯುತ್ತದೆ.

ಇದರ ಪರಿಣಾಮ ದವಾಖಾನೆಗಳಲ್ಲಿ ದಿನವೂ ಕಾಣುವಂಥದ್ದು. ಕುರು ಬಲಿತು ಕೀವು ತುಂಬಿದಾಗ 'ಎರಡು ಸೂಜಿ ಮಾಡಿಸಿದರೆ ಇಳಿಯುತ್ತದೆ' ಎಂದು ಕಾಯುವವರು ಬಹಳ. ಕೀವಿನ ಪಿಎಚ್ ರಕ್ತದ 7.4ರಂತೆ ಇರುವುದಿಲ್ಲ, 6–6.5ರ ಆಸುಪಾಸಿಗೆ, ಕೆಲವೊಮ್ಮೆ ಅದಕ್ಕೂ ಕೆಳಗೆ ಇಳಿದಿರುತ್ತದೆ. ಅಲ್ಲಿ ಆಕ್ಸಿಜನ್ನೂ ಇಲ್ಲವೆಂಬಷ್ಟು ಕಡಿಮೆ, ಹಾಗಾಗಿ ಪ್ರೋಟಾನು ಹೊರದಬ್ಬುವ ಸಾಲೇ ನಿಧಾನ. ಸಾಲದ್ದಕ್ಕೆ ಸತ್ತ ಬಿಳಿ ರಕ್ತಕಣಗಳಿಂದ ಚೆಲ್ಲಿದ ಡಿಎನ್ಎ ಋಣ ಆವೇಶದ್ದು, ಧನ ಆವೇಶದ ಔಷಧವನ್ನು ದಾರಿಯಲ್ಲೇ ಹಿಡಿದುಕೊಳ್ಳುತ್ತದೆ. ಮೂರೂ ಸೇರಿದರೆ ಔಷಧ ಕೀವಿಗೆ ತಲುಪಿಯೂ ಬ್ಯಾಕ್ಟೀರಿಯಾದ ಹೊರಗೇ ನಿಲ್ಲುತ್ತದೆ. ಸೀಳಿ ಕೀವು ಹೊರಹಾಕಿ ಎಂದು ಶಸ್ತ್ರವೈದ್ಯರು ಹಟ ಹಿಡಿಯುವುದಕ್ಕೆ ಇದೂ ಒಂದು ಕಾರಣ. ಆಕ್ಸಿಜನ್ ಇಲ್ಲದೆ ಬದುಕುವ ಬ್ಯಾಕ್ಟೀರಿಯಾಗಳ ಮೇಲೆ ಜೆಂಟಾಮೈಸಿನ್ ನಡೆಯದಿರುವುದರ ಗುಟ್ಟೂ ಬಹುಮಟ್ಟಿಗೆ ಇದೇ.

ಒಂದು ತಕರಾರನ್ನು ಇಲ್ಲಿ ದಾಖಲಿಸಬೇಕು. 2020ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದ ಬ್ರೂನಿ ಮತ್ತು ಕ್ರಾಲ್ಜ್ ಇ. ಕೋಲಿಯ ಒಂದೊಂದೇ ಕೋಶ ನೋಡಿ, ವೋಲ್ಟೇಜು ಇಲ್ಲದಿದ್ದರೂ ಔಷಧ ಒಳಸೇರಬಲ್ಲದು, ವೋಲ್ಟೇಜು ಬೇಕಾಗುವುದು ಕೊಲ್ಲುವುದಕ್ಕೆ ಎಂದರು. ಪಠ್ಯಪುಸ್ತಕದ ಚಿತ್ರ ಬಹುಶಃ ಪೂರ್ತಿ ಸರಿಯಿಲ್ಲ. ಆದರೆ ರೋಗಿಯ ಮಂಚದ ಪಕ್ಕದಲ್ಲಿ ನಿಂತವರಿಗೆ ಎರಡೂ ವಿವರಣೆಯ ಫಲ ಒಂದೇ: ವೋಲ್ಟೇಜು ಬಿದ್ದರೆ ಜೆಂಟಾಮೈಸಿನ್ ಕೆಲಸ ಮಾಡುವುದಿಲ್ಲ.

ಟೆಟ್ರಾಸೈಕ್ಲಿನ್‌ನ ದಾರಿ ತಿರುವುಮುರುವು. ಅದರ ಆವೇಶವಿಲ್ಲದ ರೂಪ ಪೊರೆ ದಾಟಿ ಒಳಗಿನ ಹೆಚ್ಚು ಕ್ಷಾರದ ವಾತಾವರಣಕ್ಕೆ ಬಂದೊಡನೆ ಪ್ರೋಟಾನು ಕಳೆದುಕೊಂಡು, ಮೆಗ್ನೀಸಿಯಂಗೆ ಜೋಡಿಯಾಗಿ, ವಾಪಸು ಹೋಗಲಾರದೆ ಸಿಕ್ಕಿಬೀಳುತ್ತದೆ. ಒಳಗೂ ಹೊರಗೂ ಪಿಎಚ್ ಅಂತರ ಹೆಚ್ಚಿದಷ್ಟೂ ಸಿಕ್ಕಿಬೀಳುವುದು ಹೆಚ್ಚು. ಅಂದರೆ ಹೊರಗಿನ ಹುಳಿ ಜೆಂಟಾಮೈಸಿನ್‌ಗೆ ಶತ್ರು, ಟೆಟ್ರಾಸೈಕ್ಲಿನ್‌ಗೆ ಮಿತ್ರ.

ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಎರಿಕ್ ಬ್ರೌನ್ ಅವರ ತಂಡ 2018ರಲ್ಲಿ ತೋರಿಸಿದ್ದು ಇದರ ಅಚ್ಚುಕಟ್ಟಾದ ಪುರಾವೆ. ನಮ್ಮ ರಕ್ತದಲ್ಲೇ ಇರುವ ಬೈಕಾರ್ಬನೇಟು ಪಿಎಚ್ ಅಂತರವನ್ನು ಕೆಡವುತ್ತದೆ. ಬ್ಯಾಕ್ಟೀರಿಯಾ ಅದನ್ನು ಸರಿದೂಗಿಸಲು ವೋಲ್ಟೇಜು ಏರಿಸುತ್ತದೆ. ಏರಿದ ವೋಲ್ಟೇಜು ಅಮಿನೊಗ್ಲೈಕೊಸೈಡನ್ನು ಇನ್ನಷ್ಟು ಎಳೆಯುತ್ತದೆ, ಟೆಟ್ರಾಸೈಕ್ಲಿನ್ ಸೊರಗುತ್ತದೆ. ಬದುಕುವುದಕ್ಕೆ ಮಾಡಿದ ಸರಿದೂಗಿಕೆಯೇ ಬ್ಯಾಕ್ಟೀರಿಯಾಕ್ಕೆ ಮುಳುವಾಗುವುದು.

ಇದೇ ಪ್ರೋಟಾನು ಬಲ ಔಷಧವನ್ನು ಹೊರಗೆ ಎಸೆಯುವುದಕ್ಕೂ ಬಳಕೆಯಾಗುತ್ತದೆ ಎಂಬುದನ್ನು ಮರೆಯಬಾರದು. ಇ. ಕೋಲಿಯ ಎಕ್ರ್‌ಬಿ ಪಂಪು ಪ್ರೋಟಾನು ಒಳಗೆ ಬಿಟ್ಟುಕೊಳ್ಳುತ್ತ ಔಷಧದ ಅಣುವನ್ನು ಹೊರಗೆ ತಳ್ಳುತ್ತದೆ. ಟೆಟ್ರಾಸೈಕ್ಲಿನ್‌ಗೆಂದೇ ಇರುವ ಟೆಟ್‌ಎ ಪಂಪಿನದೂ ಇದೇ ವ್ಯವಹಾರ. ಹಾಗಾಗಿ 'ಬ್ಯಾಟರಿ ಕೆಡಿಸಿದರೆ ಬ್ಯಾಕ್ಟೀರಿಯಾ ಸೋತಂತೆ' ಎನ್ನುವ ಸರಳ ತೀರ್ಮಾನ ನಡೆಯುವುದಿಲ್ಲ. ಬ್ಯಾಟರಿ ಕುಸಿದರೆ ಪಂಪು ನಿಲ್ಲುತ್ತದೆ, ಕೆಲವು ಔಷಧಗಳು ಒಳಗೇ ಉಳಿಯುತ್ತವೆ. ಅದೇ ಹೊತ್ತಿಗೆ ಜೆಂಟಾಮೈಸಿನ್ ಹೊರಗೇ ಉಳಿಯುತ್ತದೆ.

ಹೊಲದ ಬ್ಯಾರಲ್ಲಿನಲ್ಲೂ ಅದೇ ಜಗಳ

ಗಂಗಾವತಿ, ಸಿಂಧನೂರು, ಸಿರುಗುಪ್ಪದ ಭತ್ತಕ್ಕೆ ದುಂಡಾಣು ಎಲೆ ಅಂಗಮಾರಿ, ಕುಷ್ಟಗಿ–ಯಲಬುರ್ಗಾ ಕಡೆಯ ದಾಳಿಂಬೆಗೆ ದುಂಡಾಣು ಅಂಗಮಾರಿ. ಎರಡಕ್ಕೂ ಕಾರಣ ಜಾಂತೊಮೊನಾಸ್ ಕುಲದ ಬ್ಯಾಕ್ಟೀರಿಯಾ. ಎರಡಕ್ಕೂ ವರ್ಷಗಟ್ಟಲೆ ಹೊಡೆದ 'ಎಣ್ಣೆ' ಸ್ಟ್ರೆಪ್ಟೊಮೈಸಿನ್ 9 ಪಾಲು, ಟೆಟ್ರಾಸೈಕ್ಲಿನ್ 1 ಪಾಲಿನ ಪುಡಿ. ವೋಲ್ಟೇಜು ಬೇಕೆನ್ನುವ ಔಷಧ, ಪಿಎಚ್ ಅಂತರ ಬೇಕೆನ್ನುವ ಔಷಧ, ಎರಡೂ ಒಂದೇ ಸ್ಯಾಶೆಯಲ್ಲಿ.

ಬೋರ್ ನೀರಿಗೆ ಬೆರೆಸಿದಾಗ ಏನಾಗುತ್ತದೆ ನೋಡಿ. ಈ ಭಾಗದ ಬೋರ್ ನೀರು ಬಹುತೇಕ ಗಡಸು, ಕ್ಯಾಲ್ಸಿಯಂ ಮೆಗ್ನೀಸಿಯಂ ತುಂಬಿಕೊಂಡಿರುತ್ತದೆ. ಆ ಎರಡೂ ಬ್ಯಾಕ್ಟೀರಿಯಾದ ಹೊರಪೊರೆಯಲ್ಲಿ ಸ್ಟ್ರೆಪ್ಟೊಮೈಸಿನ್ ಕೂರಬೇಕಾದ ಜಾಗಕ್ಕೆ ಪೈಪೋಟಿಗೆ ಬರುತ್ತವೆ, ಟೆಟ್ರಾಸೈಕ್ಲಿನ್‌ಗೆ ನೇರವಾಗಿ ಅಂಟಿಕೊಳ್ಳುತ್ತವೆ. ಅದೇ ಬ್ಯಾರಲ್ಲಿಗೆ ಕಾಪರ್ ಆಕ್ಸಿಕ್ಲೋರೈಡ್ ಸುರಿದರೆ ತಾಮ್ರವೂ ಟೆಟ್ರಾಸೈಕ್ಲಿನ್‌ನನ್ನು ಹಿಡಿಯುತ್ತದೆ. ನೀರಿನ ಪಿಎಚ್ ಇಳಿಸಲು ನಿಂಬೆಹುಳಿ ಪುಡಿ ಹಾಕುವ ರೂಢಿಯೂ ಇದೆ. ಕೆಲವು ಕೀಟನಾಶಕಗಳಿಗೆ ಅದು ಸರಿ, ಅವು ಕ್ಷಾರದಲ್ಲಿ ಬೇಗ ಒಡೆಯುತ್ತವೆ. ಸ್ಟ್ರೆಪ್ಟೊಮೈಸಿನ್‌ಗೆ ಮಾತ್ರ ಹುಳಿಯಿಂದ ಲಾಭವಿಲ್ಲ. ಇನ್ನು ಬ್ಯಾರಲ್ಲಿನ ಪಿಎಚ್ ಎಷ್ಟೇ ಇರಲಿ, ಎಲೆಯೊಳಗೆ ಜೀವಕೋಶಗಳ ನಡುವೆ ಇರುವ ರಸ ಸಾಮಾನ್ಯವಾಗಿ 5ರಿಂದ 6.5ರ ಹುಳಿಯದು. ಬ್ಯಾಕ್ಟೀರಿಯಾ ಒಳಗೆ ಇಳಿದ ಮೇಲೆ ಹೊಡೆದ ಸ್ಟ್ರೆಪ್ಟೊಮೈಸಿನ್‌ನ ಕೈ ಅಲ್ಲಿ ಕಟ್ಟಿದ ಹಾಗೆಯೇ.

ಅರೆಬರೆ ಪ್ರಮಾಣ ತಿಂದು ಬದುಕುಳಿಯುವ ಬ್ಯಾಕ್ಟೀರಿಯಾದಿಂದ ಪ್ರತಿರೋಧ ಹುಟ್ಟುತ್ತದೆ, ಅದರ ವಂಶವಾಹಿ ಬೇರೆ ಬ್ಯಾಕ್ಟೀರಿಯಾಗಳಿಗೂ ದಾಟಬಹುದು. ಸ್ಟ್ರೆಪ್ಟೊಮೈಸಿನ್ ಕ್ಷಯಕ್ಕೂ ಬಳಸಿದ ಔಷಧ. ಇಂಥ ಆತಂಕದಿಂದಲೇ ಕೇಂದ್ರ ಕೃಷಿ ಸಚಿವಾಲಯ 2021ರ ಡಿಸೆಂಬರಿನಲ್ಲಿ ಕರಡು ಆದೇಶ ಹೊರಡಿಸಿ, ಕೃಷಿಯಲ್ಲಿ ಈ ಎರಡರ ಬಳಕೆಯನ್ನು 2024ರ ಜನವರಿ 1ರಿಂದ ಪೂರ್ತಿ ನಿಲ್ಲಿಸುವ ಪ್ರಸ್ತಾಪ ಇಟ್ಟಿತು. ಭತ್ತದವರಿಗೆ ಇದಕ್ಕಿಂತ ಗಟ್ಟಿ ದಾರಿ ತಳಿಯಲ್ಲೇ ಇದೆ. 2008ರಲ್ಲಿ ಬಿಡುಗಡೆಯಾದ ಇಂಪ್ರೂವ್ಡ್ ಸಾಂಬಾ ಮಸೂರಿಯಲ್ಲಿ ಅಂಗಮಾರಿ ತಡೆಯುವ ಮೂರು ವಂಶವಾಹಿಗಳನ್ನು ಒಟ್ಟಿಗೆ ಸೇರಿಸಲಾಗಿದೆ. ಯೂರಿಯಾ ಮಿತಿಯಲ್ಲಿ, ಕಂತುಗಳಲ್ಲಿ ಹಾಕಿ ರೋಗ ಕಂಡಾಗ ಗದ್ದೆಯ ನೀರು ಬಸಿದರೆ ಹರಡುವುದು ತಗ್ಗುತ್ತದೆ.

ಮತ್ತೆ ಸಿರಪ್ಪಿಗೆ

ಉರಿಮೂತ್ರದ ಗುಳಿಗೆಗಳು ಹೆಚ್ಚಿನವು ವೋಲ್ಟೇಜಿಗೆ ಕಾಯುವ ಜಾತಿಯಲ್ಲ. ಇಲ್ಲಿ ಪಿಎಚ್ ಆಟವಾಡುವುದು ಮುಖ್ಯವಾಗಿ ಔಷಧದ ಅಣುವಿನ ಮೇಲೆ.

ನೈಟ್ರೋಫ್ಯುರಾಂಟೊಯಿನ್ ಸೌಮ್ಯ ಆಮ್ಲ, ಅದರ ಪಿಕೆಎ 7.2. ಅಂದರೆ ಪಿಎಚ್ 7.2ರಲ್ಲಿ ಅರ್ಧ ಅಣುಗಳು ಆವೇಶ ಹೊತ್ತಿರುತ್ತವೆ, ಅರ್ಧ ಹೊತ್ತಿರುವುದಿಲ್ಲ. ಪೊರೆಯನ್ನು ಸಲೀಸಾಗಿ ದಾಟುವುದು ಹೊರದ ಅರ್ಧ. ಮೂತ್ರದ ಪಿಎಚ್ 5.5 ಇದ್ದಾಗ ಇಂಥ ದಾಟಬಲ್ಲ ಅಣುಗಳು ನೂರಕ್ಕೆ 98. ಸಿರಪ್ಪು ಕುಡಿದು ಮೂತ್ರ 8.0ಕ್ಕೆ ಏರಿದರೆ ಅದೇ ಪ್ರಮಾಣ ನೂರಕ್ಕೆ 14ಕ್ಕೆ ಕುಸಿಯುತ್ತದೆ. ಗುಳಿಗೆಯ 100 ಮಿ.ಗ್ರಾಂ ಬದಲಾಗಿಲ್ಲ, ಕಂಪನಿ ಬದಲಾಗಿಲ್ಲ. ಈ ಔಷಧದ ಜೊತೆ ಸಿಟ್ರೇಟ್, ಸೋಡಾ ತಗೊಳ್ಳಬೇಡಿ ಎಂದು ಬ್ರಿಟನ್ನಿನ ವೈದ್ಯರಿಗೆ ಲಿಖಿತ ಸೂಚನೆಯೇ ಇದೆ. ನಮ್ಮಲ್ಲಿ ಎರಡೂ ಒಂದೇ ಕವರಿನಲ್ಲಿ ಮನೆಗೆ ಬರುತ್ತವೆ. ಇಂದಿಗೂ ಬಹುಪಾಲು ಇ. ಕೋಲಿಯ ಮೇಲೆ ನಡೆಯುವ ಕೆಲವೇ ಬಾಯಿ ಔಷಧಗಳಲ್ಲಿ ಇದೂ ಒಂದು; ಇದನ್ನು ಕೈಯಾರೆ ಮೊಂಡು ಮಾಡುವುದು ನನ್ನ ಲೆಕ್ಕದಲ್ಲಿ ಈ ಇಡೀ ಪ್ರಕರಣದ ಅತಿ ದೊಡ್ಡ ಅವಿವೇಕ.

ಸಿಪ್ರೊಫ್ಲಾಕ್ಸಾಸಿನ್ ಇದಕ್ಕೆ ಉಲ್ಟಾ. ಅದರ ಎರಡು ಪಿಕೆಎಗಳು ಸುಮಾರು 6.1 ಮತ್ತು 8.7. ಈ ಎರಡರ ನಡುವೆ ಅಣುವಿನ ಧನ–ಋಣ ಸರಿಹೋಗಿ ಒಟ್ಟು ಆವೇಶ ಸೊನ್ನೆಯ ಹತ್ತಿರ ಇರುತ್ತದೆ. ಪಿಎಚ್ 5.5ಕ್ಕೆ ಇಳಿದರೆ ನೂರಕ್ಕೆ 80 ಅಣುಗಳು ಬರೀ ಧನ ಆವೇಶದವು, ದಾಟುವುದು ಕಷ್ಟ. ಹಾಗಾದರೆ ಸಿಪ್ರೊಫ್ಲಾಕ್ಸಾಸಿನ್ ಜೊತೆ ಸಿರಪ್ಪು ಸರಿಯಲ್ಲವೇ? ಕೊಲ್ಲುವ ದೃಷ್ಟಿಯಿಂದ ಸರಿ, ಮೂತ್ರಪಿಂಡದ ದೃಷ್ಟಿಯಿಂದ ಸರಿಯಲ್ಲ. ಕ್ಷಾರ ಮೂತ್ರದಲ್ಲಿ ಸಿಪ್ರೊಫ್ಲಾಕ್ಸಾಸಿನ್ ಕರಗದೆ ಹರಳಾಗಬಹುದು. ಮೂತ್ರ ಕ್ಷಾರವಾಗದಂತೆ ನೋಡಿಕೊಳ್ಳಿ, ನೀರು ಧಾರಾಳ ಕುಡಿಸಿ ಎಂದು ಔಷಧದ ಮಾಹಿತಿ ಪತ್ರದಲ್ಲೇ ಇದೆ. 42 ಡಿಗ್ರಿ ಬಿಸಿಲಲ್ಲಿ ಹತ್ತಿ ಹೊಲದಲ್ಲೋ ಇಟ್ಟಿಗೆ ಭಟ್ಟಿಯಲ್ಲೋ ದುಡಿದು, ದಿನಕ್ಕೆ ಎರಡು ಸಲ ಗಟ್ಟಿ ಹಳದಿ ಮೂತ್ರ ಮಾಡುವವರಿಗೆ ಈ ಸೂಚನೆ ಇನ್ನೂ ಹೆಚ್ಚು ಅನ್ವಯ. ಅಲ್ಲದೆ ದೇಶದ ಇ. ಕೋಲಿಯ ದೊಡ್ಡ ಪಾಲು ಸಿಪ್ರೊಫ್ಲಾಕ್ಸಾಸಿನ್‌ಗೆ ಈಗ ಬಗ್ಗುವುದೇ ಇಲ್ಲ. ಆ ಬ್ಯಾಕ್ಟೀರಿಯಾದ ಮುಂದೆ ಪಿಎಚ್ ಎಷ್ಟಿದ್ದರೂ ವ್ಯತ್ಯಾಸವಾಗದು.

ಈಗ ಬಾಟಲಿಯ ಲೇಬಲ್ಲನ್ನೇ ಓದೋಣ. ಪೇಟೆಯಲ್ಲಿ ಸಾಮಾನ್ಯವಾಗಿ ಸಿಗುವ ಒಂದು ಬಗೆಯಲ್ಲಿ 5 ಮಿ.ಲೀ.ಗೆ 1.4 ಗ್ರಾಂ ಡೈಸೋಡಿಯಂ ಹೈಡ್ರೋಜನ್ ಸಿಟ್ರೇಟ್ ಇರುತ್ತದೆ. ಯಕೃತ್ತು ಸಿಟ್ರೇಟನ್ನು ಬೈಕಾರ್ಬನೇಟಾಗಿ ಬದಲಿಸುತ್ತದೆ, ಅದು ಮೂತ್ರಕ್ಕಿಳಿದು ಹುಳಿ ತಗ್ಗಿಸುತ್ತದೆ. ನಿಂಬೆ ಪಾನಕ ನಾಲಿಗೆಗೆ ಹುಳಿಯಾದರೂ ಮೂತ್ರವನ್ನು ಹುಳಿ ಮಾಡದಿರುವುದಕ್ಕೂ ಇದೇ ಕಾರಣ. 5 ಮಿ.ಲೀ.ನಲ್ಲಿ ಸುಮಾರು 250 ಮಿ.ಗ್ರಾಂ ಸೋಡಿಯಂ ಇದೆ. 15 ಮಿ.ಲೀ.ನಂತೆ ದಿನಕ್ಕೆ ಮೂರು ಸಲ ಕುಡಿದರೆ 2.2 ಗ್ರಾಂ ಮೀರಿ ಸೋಡಿಯಂ, ಅಂದರೆ ಐದೂವರೆ ಗ್ರಾಂ ಉಪ್ಪಿನಷ್ಟು. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನದ ಊಟಕ್ಕೆ ಹೇಳುವ ಮಿತಿಯೇ 5 ಗ್ರಾಂ ಉಪ್ಪು. ಬಿಪಿ, ಹೃದಯ, ಕಿಡ್ನಿ ತೊಂದರೆ ಇರುವವರಿಗೆ, ಕಾಲು ಊದಿಕೊಂಡ ಬಸುರಿಗೆ ಇದು 'ಬರೀ ಸಿರಪ್ಪು' ಅಲ್ಲ.

ಉರಿ ಇಳಿಯುತ್ತದಲ್ಲ ಎಂದರೆ, ಕೆಲವರಿಗೆ ಇಳಿಯುತ್ತದೆ. ಸೋಂಕಿಗೆ ಇದರಿಂದ ಲಾಭವಿದೆಯೇ ಎಂದು 2016ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕೊಕ್ರೇನ್ ತಂಡ ಹುಡುಕಿದಾಗ ಪರಿಶೀಲನೆಗೆ ಸೇರಿಸಿಕೊಳ್ಳಲು ಯೋಗ್ಯವಾದ ಒಂದು ಅಧ್ಯಯನವೂ ಸಿಗಲಿಲ್ಲ. ಯೂರಿಕ್ ಆಮ್ಲದ ಕಲ್ಲಿಗೆ ಸಿಟ್ರೇಟ್ ಒಳ್ಳೆಯ ಔಷಧ, ಅದು ಬೇರೆ ವಿಷಯ. ಇನ್ನೊಂದು ಜಾತಿಯ ಕಲ್ಲಿಗೆ ಅದು ಕೇಡು. ಪ್ರೋಟಿಯಸ್ ಎಂಬ ಬ್ಯಾಕ್ಟೀರಿಯಾ ಯೂರಿಯಾ ಒಡೆದು ಅಮೋನಿಯಾ ಮಾಡಿ ಮೂತ್ರವನ್ನು ತಾನೇ ಪಿಎಚ್ 8ರ ಮೇಲೆ ಏರಿಸುತ್ತದೆ, ಅಲ್ಲಿ ಸ್ಟ್ರುವೈಟ್ ಕಲ್ಲು ಕಟ್ಟುತ್ತದೆ. ಅಂಥವರಿಗೆ ಮೇಲಿಂದ ಇನ್ನಷ್ಟು ಕ್ಷಾರ ಸುರಿಯುವುದು ಕಲ್ಲಿಗೆ ಗಾರೆ ಕೊಟ್ಟಂತೆ. ನೈಟ್ರೋಫ್ಯುರಾಂಟೊಯಿನ್ ಪ್ರೋಟಿಯಸ್ ಮೇಲೆ ನಡೆಯುವುದೂ ಇಲ್ಲ.

ಆದ್ದರಿಂದ ಸಿರಪ್ಪಿನ ಮುಚ್ಚಳ ತೆಗೆಯುವ ಮೊದಲು ಮೂತ್ರದ ಪಿಎಚ್ ಗೊತ್ತಿರಬೇಕು. ಡಿಪ್‌ಸ್ಟಿಕ್ ಪಟ್ಟಿಯಲ್ಲಿ 60 ಸೆಕೆಂಡಿನಲ್ಲಿ ತಿಳಿಯುವ ಸಂಗತಿ ಇದು. ತಪ್ಪಾಗುವುದು ಸ್ಯಾಂಪಲ್ಲಿನಲ್ಲಿ. ಬೆಳಗಿನ ಮೂತ್ರದ ಮೊದಲ ಧಾರೆ ಬಿಟ್ಟು ನಡುವಿನದನ್ನು ಹಿಡಿದು, ಒಂದು ಗಂಟೆಯೊಳಗೆ ನೋಡಬೇಕು. ದೇವದುರ್ಗದಿಂದ ಬಸ್ಸಿನಲ್ಲಿ ಚೀಲದೊಳಗೆ ಕೂತು ರಾಯಚೂರಿಗೆ ಬಂದ ಬಾಟಲಿಯಲ್ಲಿ ಅಷ್ಟು ಹೊತ್ತಿಗೆ ಬ್ಯಾಕ್ಟೀರಿಯಾ ಹಲವು ಬಾರಿ ಇಮ್ಮಡಿಯಾಗಿರುತ್ತದೆ, ಯೂರಿಯಾ ಒಡೆದು ಪಿಎಚ್ ಏರಿರುತ್ತದೆ. ಪಟ್ಟಿ ಆಗ 8 ತೋರಿಸಿದರೆ ಅದು ಬಸ್ಸಿನ ಪಿಎಚ್. ತಡವಾಗುವುದಿದ್ದರೆ 4 ಡಿಗ್ರಿಯ ತಂಪಿನಲ್ಲಿಡಬೇಕು, ಕಲ್ಚರಿಗೆ, ಅಂದರೆ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಗೆ, 24 ಗಂಟೆ ತನಕ ನಡೆಯುತ್ತದೆ. ಬೋರಿಕ್ ಆಮ್ಲ ಹಾಕಿದ ಬಾಟಲಿ ಕಲ್ಚರಿಗೆ ಸರಿ, ಪಿಎಚ್ ನೋಡಲು ಅಲ್ಲವೇ ಅಲ್ಲ.

ವರದಿಯ 'ಎಸ್' ಯಾವ ಪಿಎಚ್‌ನದು?

ಕಲ್ಚರ್ ವರದಿಯಲ್ಲಿ ಔಷಧದ ಹೆಸರಿನ ಮುಂದೆ 'ಎಸ್' ಇದ್ದರೆ ಔಷಧ ನಡೆಯುತ್ತದೆ ಎಂದು ಓದುತ್ತೇವೆ. ಆ ಪರೀಕ್ಷೆ ನಡೆದದ್ದು ಮೂತ್ರದಲ್ಲಲ್ಲ, ಬ್ಯಾಕ್ಟೀರಿಯಾ ಬೆಳೆಸುವ ಮುಲ್ಲರ್–ಹಿಂಟನ್ ಅಗರ್ ಎಂಬ ಪದಾರ್ಥ ಹೊಯ್ದ ತಟ್ಟೆಯ ಮೇಲೆ. ಅದರ ಪಿಎಚ್ 7.2ರಿಂದ 7.4 ಇರಲೇಬೇಕು, ಅಗರಿನ ದಪ್ಪ 4 ಮಿ.ಮೀ. ಇರಬೇಕು. ಪಿಎಚ್ ಇದಕ್ಕಿಂತ ಇಳಿದರೆ ಜೆಂಟಾಮೈಸಿನ್ ಡಿಸ್ಕಿನ (ಔಷಧ ಹೀರಿಸಿದ ಕಾಗದದ ಬಿಲ್ಲೆ) ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ ಉಳಿಯುವ ಬಯಲು ಕುಗ್ಗುತ್ತದೆ, ಟೆಟ್ರಾಸೈಕ್ಲಿನ್‌ದು ಹಿಗ್ಗುತ್ತದೆ. ಏರಿದರೆ ಇದರ ಉಲ್ಟಾ. ಪೊರೆಯ ಲೆಕ್ಕ ತಟ್ಟೆಯ ಮೇಲೆ ಬರಿಗಣ್ಣಿಗೆ ಕಾಣುವುದು ಇಲ್ಲೇ.

ಬಳ್ಳಾರಿ, ಕೊಪ್ಪಳದ ಸಣ್ಣ ಲ್ಯಾಬುಗಳಲ್ಲಿ ಇದು ಕೆಡುವ ಜಾಗಗಳು ಮೂರ್ನಾಲ್ಕು. ಅಗರಿನ ಪುಡಿ ಕರಗಿಸಲು ಡಿಸ್ಟಿಲ್ಡ್ ನೀರಿನ ಬದಲು ಆರ್‌ಒ ಕ್ಯಾನಿನ ನೀರು ಬಳಸಿದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಕ್ಯಾನಿನಿಂದ ಕ್ಯಾನಿಗೆ ಬದಲಾಗುತ್ತದೆ. ಹಬೆಯ ಒತ್ತಡದಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವಿನಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಪಿಎಚ್ ಇಳಿಯುತ್ತದೆ. ಬಿಸಿ ಅಗರಿಗೇ ಮೀಟರ್ ಅದ್ದಿ ಪಿಎಚ್ ಬರೆದುಕೊಂಡರೆ ಆ ಅಂಕಿಗೆ ಬೆಲೆಯಿಲ್ಲ. ಗಟ್ಟಿಯಾಗಿ 25 ಡಿಗ್ರಿಗೆ ತಣಿದ ಮೇಲೆ ನೋಡಬೇಕು. ಎಲ್ಲಕ್ಕಿಂತ ಸಾಮಾನ್ಯ ತಪ್ಪು ಬೇರೆ ತಟ್ಟೆಗಳ ಜೊತೆ ಇದನ್ನೂ ಮೇಣದಬತ್ತಿ ಜಾರಿನಲ್ಲೋ ಕಾರ್ಬನ್ ಡೈಆಕ್ಸೈಡ್ ಇನ್‌ಕ್ಯುಬೇಟರಿನಲ್ಲೋ ಇಡುವುದು. ಆ ಅನಿಲ ಅಗರಿನಲ್ಲಿ ಕರಗಿ ಹುಳಿಯಾಗುತ್ತದೆ, ಔಷಧಕ್ಕೆ ಬಗ್ಗಬಲ್ಲ ಬ್ಯಾಕ್ಟೀರಿಯಾಕ್ಕೂ ಜೆಂಟಾಮೈಸಿನ್ ಎದುರು 'ಆರ್' (ಔಷಧ ನಡೆಯದು) ಬೀಳುತ್ತದೆ, ರೋಗಿಗೆ ದುಬಾರಿ ಸೂಜಿ ಶುರುವಾಗುತ್ತದೆ. ಪತ್ತೆ ಹಚ್ಚುವುದು ಸುಲಭ. ಎಟಿಸಿಸಿ 25922 ಎಂಬ ಇ. ಕೋಲಿ ತಳಿಯ ಮೇಲೆ 10 ಮೈಕ್ರೋಗ್ರಾಂ ಜೆಂಟಾಮೈಸಿನ್ ಡಿಸ್ಕಿನ ಬಯಲು 19ರಿಂದ 26 ಮಿ.ಮೀ. ಬರಬೇಕು. 19ಕ್ಕಿಂತ ಕೆಳಗೆ ಬಂದ ದಿನ ರೋಗಿಗಳ ವರದಿ ಹೊರಗೆ ಹೋಗಬಾರದು.

ಬೇಕೆಂದೇ ಹುಳಿಯಲ್ಲಿ ನಡೆಸುವ ಪರೀಕ್ಷೆಯೂ ಒಂದಿದೆ. ಕ್ಷಯಕ್ಕೆ ಕೊಡುವ ಪೈರಜಿನಮೈಡ್ ತಟಸ್ಥ ಪಿಎಚ್‌ನಲ್ಲಿ ಕೆಲಸವೇ ಮಾಡುವುದಿಲ್ಲ. ಕ್ಷಯದ ಬ್ಯಾಕ್ಟೀರಿಯಾ ಅದನ್ನು ಪೈರಜಿನೋಯಿಕ್ ಆಮ್ಲವಾಗಿ ಒಡೆದು ಹೊರಹಾಕುತ್ತದೆ, ಹೊರಗೆ ಹುಳಿ ಇದ್ದಾಗ ಮಾತ್ರ ಅದು ಪ್ರೋಟಾನು ಹಿಡಿದುಕೊಂಡು ಮತ್ತೆ ಒಳನುಗ್ಗುತ್ತದೆ ಎಂಬುದು ಹಳೆಯ, ಇನ್ನೂ ಬಳಕೆಯಲ್ಲಿರುವ ವಿವರಣೆ. ಅದಕ್ಕೇ ಆ ಪರೀಕ್ಷೆಯ ದ್ರವದ ಪಿಎಚ್ 5.9. ಟ್ಯೂಬಿಗೆ ಬ್ಯಾಕ್ಟೀರಿಯಾ ಹೆಚ್ಚು ಬಿದ್ದರೆ ಅವೇ ದ್ರವದ ಹುಳಿ ಇಳಿಸಿಬಿಡುತ್ತವೆ, ಔಷಧ ಸೋತಂತೆ ಕಾಣುತ್ತದೆ, ಇಲ್ಲದ ಪ್ರತಿರೋಧ ವರದಿಯಲ್ಲಿ ದಾಖಲಾಗುತ್ತದೆ. ಹಾಗಾಗಿ ಪೈರಜಿನಮೈಡ್‌ಗೆ 'ಆರ್' ಬಂದಾಗ ಎರಡನೇ ಸಲ ಬ್ಯಾಕ್ಟೀರಿಯಾ ಕಡಿಮೆ ಹಾಕಿ ನೋಡುವುದು, ಇಲ್ಲವೇ ಅದರ ವಂಶವಾಹಿ ಪರೀಕ್ಷೆ ಮಾಡಿಸುವುದು ಲ್ಯಾಬಿನವರ ಕೆಲಸ.